ಅಳಿಯನ ಜೊತೆ ಕ್ರಿಸ್‌ಮಸ್ ಸಿನಿಮಾ

ಮನೆಮಂದಿಯೆಲ್ಲ ಒಟ್ಟಿಗೆ ಕೂತು ಸಿನಿಮಾ ನೋಡುವುದರಷ್ಟು ಸುಖ ಬೇರೆ ಇಲ್ಲ ಎನ್ನುವವರು ನಿಶ್ಚಯವಾಗಿ ಹೆಂಗಸರಾಗಿರಬೇಕು. ಮನೆಯ ಯಜಮಾನ ಎನಿಸಿಕೊಂಡವನಿಗೆ ಅದು ಶಿಕ್ಷೆ. ತೆರೆಯ ಮೇಲೆ ಹುಡುಗ ಹುಡುಗಿ ಒಂದಿಷ್ಟು ಹತ್ತಿರ ಸರಿದರೆ ಸಾಕು, ಅವನು ಕೆಮ್ಮಬೇಕು, ಏನೋ ಕೆಲಸ ನೆನಪಾದವನಂತೆ ಎದ್ದು ಹೊರಗೆ ನಡೆಯಬೇಕು. ನಮ್ಮೂರಿಗೆ ಟಿವಿ ಹೊಸದಾಗಿ ಬಂದಿದ್ದ ಕಾಲದಲ್ಲಿ ನಮ್ಮಪ್ಪ ಇಂಥ ಹೊತ್ತಿಗೆ ಎದ್ದು ಎಮ್ಮೆಗೆ ಮೇವು ಹಾಕಿ ಬರುತ್ತಿದ್ದರು. ಸಿನಿಮಾ ಇದ್ದ ದಿನ ಆ ಎಮ್ಮೆ ತಿಂದಷ್ಟು ಮೇವನ್ನು ಬೇರಾವ ದಿನವೂ ತಿನ್ನುತ್ತಿರಲಿಲ್ಲ. ಈಗ ಎಮ್ಮೆಯೂ ಇಲ್ಲ, ಅಪ್ಪನೂ ಇಲ್ಲ, ನನ್ನ ಪಾಲಿಗೆ ನೀರಿನ ಟ್ಯಾಂಕು ಉಳಿದಿದೆ. ಜಹೀರಾಬಾದಿನಲ್ಲಿ ನನ್ನದು ಮೋಟರು, ಪೈಪುಗಳ ಅಂಗಡಿ. ಹಾಗಾಗಿ ನಾನು ಟ್ಯಾಂಕು ನೋಡಲು ಎದ್ದರೆ ಯಾರಿಗೂ ಅನುಮಾನ ಬರುವುದಿಲ್ಲವೆಂದು ನಂಬಿಕೊಂಡಿದ್ದೆ.

ಈ ಸಲ ಕ್ರಿಸ್‌ಮಸ್ ರಜೆಗೆ ಮಗಳು ಭಾಗ್ಯಶ್ರೀ ಗಂಡನ ಜೊತೆ ಬಂದಿದ್ದಳು. ಮದುವೆಯಾದ ಮೇಲೆ ಅಳಿಯ ನಮ್ಮಲ್ಲಿ ಉಳಿದದ್ದು ಇದೇ ಮೊದಲು. ನಾರಾಯಣಖೇಡದಲ್ಲಿ ಕಾಲೇಜು ಮೇಷ್ಟ್ರು, ಬಲು ಮರ್ಯಾದಸ್ಥ. ನಾನು ಕೂರುವ ತನಕ ತಾನು ಕೂರುವವನಲ್ಲ, ನಾನು ಕೇಳುವ ತನಕ ಬಾಯಿ ಬಿಡುವವನಲ್ಲ. ನಾನೂ ಮಾವನೆಂಬ ಗತ್ತು ಬಿಟ್ಟವನಲ್ಲ. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ನಡೆದ ಮಾತೆಂದರೆ "ಊಟ ಆತೇನ್ರಿ ಅಳಿಯಾರ?" "ಆತ್ರಿ ಮಾವಾರ," ಅಷ್ಟೇ. ಇಂಥವನನ್ನು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಮಧ್ಯಾಹ್ನ ಊಟವಾದ ಮೇಲೆ ಮಗಳು ಟಿವಿ ಹಚ್ಚಿದಳು. "ಅಪ್ಪಾ, ಇಂಗ್ಲಿಷ್ ಸಿನಿಮಾ, ತೆಲುಗಿನಾಗ ಮಾತಾಡ್ತಾರ. ಹೊಡೆದಾಟ ಇಲ್ಲ, ರಕ್ತ ಇಲ್ಲ. ಕ್ರಿಸ್‌ಮಸ್ ಕಥಿ. ಎಲ್ಲಾರೂ ಕೂಡಿ ನೋಡೋ ಹಂಗದ," ಎಂದಳು. ಇಂಥ ಭರವಸೆ ಕೊಟ್ಟವರನ್ನು ನಂಬಿ ನಾನು ಹಿಂದೆಯೂ ಕೆಟ್ಟಿದ್ದೇನೆ.

ಕಥೆ ಇಷ್ಟು. ದೊಡ್ಡ ಶಹರದ ಹುಡುಗಿಯೊಬ್ಬಳು ತಾತನಿಗೆ ವಯಸ್ಸಾಯಿತೆಂದು ಅವನ ಬೇಕರಿ ಮಾರಿ ಹೋಗಲು ಹಿಮ ಬೀಳುವ ಸಣ್ಣ ಊರಿಗೆ ಬರುತ್ತಾಳೆ. ಅಲ್ಲೊಬ್ಬ ಬಡಗಿ ಹುಡುಗ, ಬೇಕರಿಯ ಬಾಗಿಲು ರಿಪೇರಿಗೆ ಬಂದವನು. ನಮ್ಮವ್ವ ಸಂಬಂಧ ನೋಡಲು ಹೋದವಳಂತೆ ಮುಂದೆ ಬಂದು ಕೂತಳು. "ಹುಡುಗ ಛಲೋ ಅದಾನ. ಅವರವ್ವ ಎಲ್ಲಿ? ಇಷ್ಟು ಬರ್ಫದಾಗ ಆ ಪೋರಿ ತಲಿಮ್ಯಾಲ ಏನೂ ಹಾಕ್ಕೊಂಡಿಲ್ಲ, ನೆಗಡಿ ಹತ್ತಂಗಿಲ್ಲೇನು?" ನಾನು ಪೇಪರು ಹಿಡಿದು ಆಸಕ್ತಿ ಇಲ್ಲದವನಂತೆ ಕೂತಿದ್ದೆ. ಆದರೆ ನಿಜ ಹೇಳುತ್ತೇನೆ, ಹತ್ತು ನಿಮಿಷದಲ್ಲಿ ಆ ಕಥೆ ನನ್ನನ್ನು ಹಿಡಿದುಬಿಟ್ಟಿತು. ಆ ಹುಡುಗಿ ಬೇಕರಿ ಮಾರಿ ರೈಲು ಹತ್ತುತ್ತಾಳೋ, ಆ ಹುಡುಗನ ಕೈ ಹಿಡಿದು ಅಲ್ಲೇ ಉಳಿಯುತ್ತಾಳೋ ಎಂದು ಆದಷ್ಟು ಚಿಂತೆ ಸ್ವಂತ ಮಗಳ ಮದುವೆಯಲ್ಲೂ ನನಗೆ ಆಗಿರಲಿಲ್ಲ.

ಅಷ್ಟರಲ್ಲಿ ಇಬ್ಬರೂ ಕ್ರಿಸ್‌ಮಸ್ ಗಿಡಕ್ಕೆ ದೀಪದ ಸರ ಕಟ್ಟುತ್ತಾ ಹತ್ತಿರ ಬಂದರು. ಸಂಗೀತ ಮೆತ್ತಗಾಯಿತು. ನಾನು ಕೆಮ್ಮಿದೆ, "ಟ್ಯಾಂಕ್ ತುಂಬ್ಯಾದೇನ ನೋಡ್ತೀನಿ," ಎಂದು ಹಿತ್ತಲಿಗೆ ನಡೆದೆ. ಹಿಂತಿರುಗಿ ನೋಡಿದರೆ ಬೆನ್ನ ಹಿಂದೆಯೇ ಅಳಿಯ. "ನೀವ್ಯಾಕ ಎದ್ರಿ?" ಎಂದೆ. "ಫೋನ್ ಬಂದಿತ್ರಿ ಮಾವಾರ," ಎಂದ, ಬಾರದ ಫೋನನ್ನು ಕಿವಿಗೆ ಒತ್ತಿಕೊಂಡು. ಇಬ್ಬರೂ ಟ್ಯಾಂಕನ್ನು ನೋಡುತ್ತಾ ನಿಂತೆವು. ಸಾಕಷ್ಟು ಹೊತ್ತು ಬಿಟ್ಟು ಒಳಗೆ ಬಂದರೆ ಹೆಂಡತಿ ಶೇಂಗಾ ಬಿಡಿಸುತ್ತಾ, "ಏನೂ ಆಗಿಲ್ಲರಿ. ನಡುವ ನಾಯಿ ಬಂತು, ಇಬ್ರೂ ಸರದ್ರು," ಎಂದಳು. ನಾವು ಸುಮ್ಮನೆ ಎದ್ದು ಹೋಗಿದ್ದೆವು.

ಇಂಥ ಸಿನಿಮಾ ತೆಗೆಯುವವರ ಕುಯುಕ್ತಿ ನನಗೆ ಆಮೇಲೆ ತಿಳಿಯಿತು. ಮುತ್ತನ್ನು ಕೊನೆಗೆಂದು ಬಚ್ಚಿಟ್ಟು, ಅಲ್ಲಿಯವರೆಗೆ ಬರೀ ಆಸೆ ತೋರಿಸುತ್ತಾರೆ. ಒಮ್ಮೆ ತಾತ ಬಂದ, ಒಮ್ಮೆ ಒಲೆಯಲ್ಲಿ ಕೇಕು ಸೀದಿತು. ಪ್ರತಿ ಸಲವೂ ನಾನು ಎದ್ದೆ, ಹಿಂದೆಯೇ ಅಳಿಯ ಎದ್ದ. ಮೊಣಕಾಲು ನೋಯುವ ವಯಸ್ಸಿನಲ್ಲಿ ಇದೇನು ಬಸ್ಕಿ ಎಂದು ಸಿಟ್ಟು ನೆತ್ತಿಗೇರಿತು. ಮೇಲಾಗಿ ಒಳಗೆ ಬರುವಷ್ಟರಲ್ಲಿ ಕಥೆ ಮುಂದೆ ಹೋಗಿರುತ್ತಿತ್ತು. "ಅಂವ ಯಾಕ ಮಾರಿ ಉಬ್ಬಿಸಿಕೊಂಡಾನ?" ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದೆ. "ಆಕಿ ಹೇಳಲಿಲ್ಲಂತ." "ಏನು ಹೇಳಲಿಲ್ಲ?" "ಸುಮ್ಮ ನೋಡ್ರಿ. ನೀವು ಟ್ಯಾಂಕ್ ನೋಡಾಕ ಹೋದ್ರ ನಾ ಏನು ಮಾಡ್ಲಿ?" ಹೆಂಗಸರ ಧೈರ್ಯ ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಬೀಗರು ಬಂದರೆ ಸೆರಗು ಹೊದ್ದು ಮುದುಡಿ ಕೂರುವ ನಮ್ಮವ್ವ ರೆಪ್ಪೆ ಬಡಿಯದೆ ನೋಡುತ್ತಿದ್ದಳು.

ಕೊನೆಗೆ ಹುಡುಗಿ ಪೆಟ್ಟಿಗೆ ಹಿಡಿದು ಸ್ಟೇಷನ್ನಿಗೆ ಬಂದಳು. ಆ ಹುಡುಗ ಹಿಮದಲ್ಲಿ ಜಾರುತ್ತಾ ಓಡಿ ಬರುತ್ತಿದ್ದ. ಏನೇ ಆಗಲಿ, ಈ ಸಲ ಏಳುವುದಿಲ್ಲವೆಂದು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದೆ. ಅಳಿಯ ಮಿಸುಕಾಡಿದ, ನನ್ನ ಮುಖ ನೋಡಿದ, ತಾನೇ ಎದ್ದು ಹೋದ. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವ್ವ ತೆರೆಯಿಂದ ಕಣ್ಣು ಕೀಳದೆ, "ಶಿವರಾಜ, ಅಳಿಯಾರು ಹೊರಗ ಒಬ್ಬರೇ ನಿಂತಾರ. ಮನಿಗಿ ಬಂದವರನ್ನ ಹಂಗ ಬಿಡ್ತಾರೇನು? ನಿನಗ ಇಲ್ಲೇನದ, ಹೋಗು," ಎಂದಳು. ನನ್ನ ಜೀವವೇ ಇಲ್ಲಿದೆ ಎಂದು ಹೇಳುವುದು ಹೇಗೆ? ಎದ್ದು ಹೋದೆ.

ಅಳಿಯ ಟ್ಯಾಂಕಿನ ಮರೆಯಲ್ಲಿ ಬಾಗಿ ನಿಂತಿದ್ದ. ಅವನ ಕೈಯಿಂದ ಅದೇ ತೆಲುಗು ಮಾತು, ಅದೇ ಸಂಗೀತ ಕೇಳಿತು. ಮೇಷ್ಟ್ರು ಅದೇ ಸಿನಿಮಾವನ್ನು ಫೋನಿನಲ್ಲಿ ಹಚ್ಚಿಕೊಂಡಿದ್ದರು. ನನ್ನನ್ನು ಕಂಡು ಗಾಬರಿಯಾಗಿ ಮುಚ್ಚಲು ಹೋದ. ಗತ್ತೆಲ್ಲ ಅಲ್ಲೇ ಬಿಟ್ಟು, "ಮುಚ್ಚಬ್ಯಾಡ್ರಿ ಅಳಿಯಾರ. ಆಕಿ ರೈಲು ಹತ್ತಿದಳೇನು?" ಎಂದೆ. "ಇನ್ನಾ ಇಲ್ರಿ ಮಾವಾರ. ಅಂವ ಈಗ ಸ್ಟೇಷನ್ನಿಗಿ ಬಂದು ಮುಟ್ಯಾನ," ಎಂದವನು ಫೋನನ್ನು ನನ್ನ ಕೈಗಿಟ್ಟ. "ನೀವು ನೋಡ್ರಿ, ನಾ ಆಮ್ಯಾಲ ನೋಡ್ತೀನಿ," ಎಂದು ಬೆನ್ನು ತಿರುಗಿಸಿ ನಲ್ಲಿಯ ಜಾಯಿಂಟು ಪರೀಕ್ಷಿಸತೊಡಗಿದ.

ಅವ್ವನಿಲ್ಲ, ಹೆಂಡತಿಯಿಲ್ಲ, ಮಗಳಿಲ್ಲ. ಇದ್ದ ಒಬ್ಬನೂ ಬೆನ್ನು ತಿರುಗಿಸಿದ್ದಾನೆ. ಇಡೀ ಸಿನಿಮಾ ನನ್ನ ಅಂಗೈಯಲ್ಲಿದೆ. ಹುಡುಗಿ ಪೆಟ್ಟಿಗೆ ಕೆಳಗಿಟ್ಟಳು. ಹುಡುಗ ಹತ್ತಿರ ಬಂದ, ಇನ್ನೂ ಹತ್ತಿರ ಬಂದ. ಈ ಸಲ ಅಡ್ಡ ಬರುವವರು ಯಾರೂ ಇರಲಿಲ್ಲ. ಆಗ ನಾನು ಕೆಮ್ಮಿದೆ. ಮುಖ ತಾನಾಗಿ ಮೇಲಕ್ಕೆ ತಿರುಗಿತು. ಸಂಗೀತ ಮುಗಿಯುವವರೆಗೂ ಪಕ್ಕದ ಮನೆಯವರು ಒಣಹಾಕಿದ್ದ ಸೀರೆಗಳನ್ನೇ ನೋಡುತ್ತಾ ನಿಂತೆ. ಕಣ್ಣು ಇಳಿಸಿದಾಗ ಪರದೆಯ ತುಂಬ ಯಾರ್‍ಯಾರದೋ ಹೆಸರುಗಳು ಸಾಲಾಗಿ ಮೇಲೇರುತ್ತಿದ್ದವು.

"ಏನಾತ್ರಿ ಮಾವಾರ?" ಎಂದು ಅಳಿಯ ತಿರುಗದೆಯೇ ಕೇಳಿದ.

"ಎಲ್ಲಾ ಛಲೋ ಆತು," ಎಂದೆ, ಕಣ್ಣಾರೆ ಕಂಡವನಂತೆ.