ಸ್ವತ್ತು ಸಂಖ್ಯೆ ನೂರಾ ಹದಿನೇಳಕ್ಕೆ, ನಾಲ್ಕು ಮೀಟರ್ ವಿಚಾರವಾಗಿ

ಮಾನ್ಯ ಜಿಪಿಎಸ್ ಯಂತ್ರದವರೇ,

ಅಂಗೈಯಲ್ಲಿ ಹಿಡಿಸುವಷ್ಟೇ ಗಾತ್ರದವರಾಗಿದ್ದೂ ಇಡೀ ಭೂಮಂಡಲವನ್ನು ಬಲ್ಲ ತಮಗೆ, ಹತ್ತೊಂಬತ್ತು ವರ್ಷ ಟೇಪು ಹಿಡಿದು ಅಲೆದೂ ಅದರ ಒಂದು ಮೂಲೆಯನ್ನು ಅಳೆದು ಮುಗಿಸಲಾಗದ ಭೂಮಾಪಕಿಯೊಬ್ಬಳ ವಂದನೆಗಳು. ತಾವು ಒಂದೇ ಹೊತ್ತಿಗೆ ಹನ್ನೆರಡು ಉಪಗ್ರಹಗಳೊಡನೆ ಮಾತುಕತೆಯಲ್ಲಿರುವವರು. ಅದರ ನಡುವೆ ನನ್ನ ದೂರಿಗೂ ಬಿಡುವು ಮಾಡಿಕೊಳ್ಳುವಿರೆಂದು ನಂಬಿದ್ದೇನೆ.

ತಮ್ಮ ಆಯ್ಕೆ ಎಷ್ಟು ಕಟ್ಟುನಿಟ್ಟಾಗಿ ನಡೆಯಿತೆಂಬುದು ತಮಗೆ ನೆನಪಿರಬಹುದು. ಸಮಿತಿಯಲ್ಲಿ ನಮ್ಮ ಮೇಲಧಿಕಾರಿ, ಉಗ್ರಾಣದ ಗುಮಾಸ್ತರು ಮತ್ತು ನಾನು, ಹೀಗೆ ಮೂವರಿದ್ದೆವು. ಐದು ಯಂತ್ರಗಳನ್ನು ಕಚೇರಿಯ ತಾರಸಿಗೆ ಒಯ್ದು ಸಾಲಾಗಿ ನಿಲ್ಲಿಸಿದೆವು. ಅಲ್ಲಿ ಆಕಾಶವೆಲ್ಲ ತಮ್ಮದೇ ಆದ್ದರಿಂದ ಐವರೂ ಹರಿಶ್ಚಂದ್ರರಂತೆ ನಡೆದುಕೊಂಡಿರಿ. ಮೇಲಧಿಕಾರಿಗಳು ಒಬ್ಬೊಬ್ಬರನ್ನೂ ಮೊಣಕಾಲೆತ್ತರದಿಂದ ಬೀಳಿಸಿ ನೋಡಿದರು, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ನೋಡಿದರು. ಗುಮಾಸ್ತರು ಚೀಲಕ್ಕೆ ಬೆಲ್ಟಿನ ಕುಣಿಕೆ ಇದೆಯೇ ಎಂದು ವಿಚಾರಿಸಿದರು. ಅಳತೆ ಎಷ್ಟರಮಟ್ಟಿಗೆ ಸರಿ ಎಂಬ ಅಂಕಣ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಅದರಲ್ಲಿ 'ತೃಪ್ತಿಕರ' ಎಂದು ಬರೆದವಳು ನಾನೇ. ಏಕೆ ಬರೆದೆನೆಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಅಳತೆ ಯಂತ್ರದ ಮುಕ್ಕಾಲಿ ಹೊತ್ತೂ ಹೊತ್ತೂ ಒಂದು ಕಡೆ ಇಳಿದುಹೋದ ನನ್ನ ಬಲಭುಜಕ್ಕೆ ತಾವು ಬಹಳ ಹಗುರವಾಗಿ ಕಂಡಿರಿ ಎನ್ನುವುದನ್ನು ಬಿಟ್ಟರೆ ಬೇರೆ ಉತ್ತರ ಸಿಕ್ಕಿಲ್ಲ.

ಹೊಲದಲ್ಲಿ ಹೂತುಹೋದ ಗಡಿಕಲ್ಲು ಎಲ್ಲಿದೆಯೆಂದು ಹುಡುಕಲು ತಮ್ಮನ್ನು ಕೊಂಡದ್ದೇ ಹೊರತು, ಗಡಿಯನ್ನೇ ಗೊತ್ತುಮಾಡಲು ಅಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಗುಂಡಿಯೊತ್ತಿದರೆ ನಕ್ಷೆ ಕೊಡುವವರು ಜೊತೆಗಿರುವಾಗ ಬಿಸಿಲಲ್ಲಿ ಟೇಪು ಎಳೆಯುವ ಬುದ್ಧಿ ಯಾರಿಗೆ ಬರುತ್ತದೆ? ಅದೇ ಸಲೀಸಿನಲ್ಲಿ, ಎರಡು ಮನೆಗಳ ನಡುವಿನ ಓಣಿಯಲ್ಲಿ, ದರ್ಜಿ ಹೆಂಗಸೊಬ್ಬಳ ಹೊಲಿಗೆ ಕೋಣೆಯ ನಾಲ್ಕು ಮೂಲೆಯಲ್ಲೂ ತಮ್ಮನ್ನು ಹಿಡಿದು ನಿಂತೆ. ಅವಳು ಅದನ್ನು ಕಟ್ಟಿಕೊಂಡದ್ದು ತನ್ನ ಜಾಗದಲ್ಲಿ ಎಂದು ಪಕ್ಕದ ಮನೆಯಲ್ಲಿರುವ ಅವಳ ಮೈದುನ ದೂರು ಕೊಟ್ಟಿದ್ದ. ತಾವು ಹತ್ತೇ ನಿಮಿಷದಲ್ಲಿ ಇಡೀ ಕೋಣೆಯನ್ನು ಎತ್ತಿ ಅವನ ಅಂಗಳದಲ್ಲಿಟ್ಟಿರಿ. ನಾನು ಸಹಿ ಹಾಕಿದೆ. ಹದಿನೈದು ದಿನದೊಳಗೆ ಕೆಡವತಕ್ಕದ್ದು ಎಂಬ ನೋಟೀಸು ಅವಳ ಬಾಗಿಲಿಗೆ ಅಂಟಿತು.

ಹನ್ನೆರಡನೆಯ ದಿನ ಅವಳು ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಕಚೇರಿಗೆ ಬಂದಳು. "ಅಲ್ಲಾ ಮೇಡಂ, ತೋಳು ಅರ್ಧ ಇಂಚು ಬಿಗಿಯಾದ್ರೆ ಜನ ಬಟ್ಟೆ ಮುಖಕ್ಕೆ ಎಸೆದು ಹೋಗ್ತಾರೆ. ನೀವು ನನ್ನ ಕೋಣೇನೇ ಮೈದುನನ ಮನೆಗೆ ಸೇರಿಸಿ ಹೊಲಿದುಬಿಟ್ರಲ್ಲಾ, ನಾನು ಯಾರ ಮುಖಕ್ಕೆ ಎಸೀಲಿ?" ಎಂದಳು. ನಾನು ಕೈಗೆ ಸಿಕ್ಕ ತಮ್ಮನ್ನು ಹಿಡಿದು, ಪರದೆಯ ಮೂಲೆಗಂಟಿದ್ದ ಸ್ವತ್ತು ಸಂಖ್ಯೆಯ ಚೀಟಿಯನ್ನು ಉಗುರಿನಿಂದ ಕೆರೆಯುತ್ತ ಕೂತೆ. ಕಚೇರಿಯ ಸ್ವತ್ತಿನ ಸಂಖ್ಯೆ ಬಳಸುವಾಗ ಎದುರಿಗೇ ಕಾಣಬೇಕೆಂಬ ನಿಯಮವಿರುವುದರಿಂದ ಗುಮಾಸ್ತರು ಅದನ್ನು ಗಾಜಿನ ಮೇಲೆಯೇ ಅಂಟಿಸಿದ್ದರು. ಚೀಟಿ ಅರ್ಧ ಏಳುವಷ್ಟರಲ್ಲಿ ಅದರಡಿ ಸಣ್ಣಕ್ಷರಗಳಲ್ಲಿ ತಾವು ದಿನವೂ ಹೇಳುತ್ತಲೇ ಬಂದಿದ್ದ ಮಾತು ಕಾಣಿಸಿತು: ನಾಲ್ಕು ಮೀಟರ್ ಹೆಚ್ಚುಕಡಿಮೆ. ಆ ಕೋಣೆಯ ಅಗಲ ಎರಡೂವರೆ ಮೀಟರ್. ತಮ್ಮ ಅನುಮಾನದೊಳಗೆ ಅವಳ ಕೋಣೆ, ಹೊಲಿಗೆ ಯಂತ್ರ, ಗಿರಾಕಿಗಳು ಕೂರುವ ಬೆಂಚು, ಎಲ್ಲ ಹಿಡಿಸಿ ಮೇಲೆ ಜಾಗ ಉಳಿಯುತ್ತಿತ್ತು.

ಅದೇ ಮಧ್ಯಾಹ್ನ ಹಳೆಯ ಗಡಿಕಲ್ಲಿನಿಂದ ಉಕ್ಕಿನ ಟೇಪು ಎಳೆದೆವು. ಒಂದು ತುದಿ ಅವಳು, ಒಂದು ತುದಿ ನಾನು. ಕೋಣೆ ಅವಳ ಗಡಿಯಿಂದ ಒಂದಡಿ ಎರಡಿಂಚು ಒಳಗೇ ಇತ್ತು. "ಎರಡಿಂಚು ಬಿಡಬೇಡಿ, ಸರಿಯಾಗಿ ಬರ್ಕೊಳ್ಳಿ" ಎಂದು ಅವಳು ನನ್ನ ಪುಸ್ತಕದೊಳಕ್ಕೇ ಇಣುಕಿದಳು.

ಮೇಲಧಿಕಾರಿಗಳು ದೊಡ್ಡ ಮನಸ್ಸಿನವರು. "ಯಂತ್ರ ಕೆಟ್ಟಿತ್ತು ಅಂತ ಬರೆದುಬಿಡಿ ಮೇಡಂ, ಎಲ್ಲರೂ ಬಚಾವಾಗ್ತೀವಿ" ಎಂದರು. ಕೆಡದಿರುವುದೇ ತಮ್ಮ ಮೇಲೆ ನನಗಿರುವ ದೊಡ್ಡ ದೂರು. ತಾವೊಂದಿಷ್ಟು ಕೆಟ್ಟಿದ್ದರೆ ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ಕೊನೆಗೆ, ಯಂತ್ರ ಸರಿಯಾಗಿತ್ತು, ತಪ್ಪು ಅಳೆದವಳದು ಎಂದು ಬರೆದುಕೊಟ್ಟೆ. ಬಾಗಿಲ ಮೇಲಿನ ನೋಟೀಸನ್ನು ನಿನ್ನೆ ನಾನೇ ಹೋಗಿ ಕಿತ್ತು ಬಂದೆ.

ಆದ್ದರಿಂದ ಕೋರಿಕೆ ಇಷ್ಟೇ. ಇನ್ನು ಮುಂದೆ ಅನುಮಾನ ಬಂದಾಗ ಸಣ್ಣಕ್ಷರದಲ್ಲಿ ಹೇಳಿ ಸುಮ್ಮನಾಗದೆ, ದಯವಿಟ್ಟು ಗಂಟಲು ಸರಿಮಾಡಿಕೊಳ್ಳಿ. ಸಹಿ ಹಾಕಲು ಪೆನ್ನು ತೆರೆದವರ ಕೈ ಹಿಡಿಯಿರಿ. ಮುಂದಿನ ಆಯ್ಕೆ ಸಮಿತಿಯಲ್ಲಿ ನಮ್ಮನ್ನೂ ಒಮ್ಮೆ ಮೊಣಕಾಲೆತ್ತರದಿಂದ ಬೀಳಿಸಿ ನೋಡಿ.

ಇತಿ, ನಾಲ್ಕು ಮೀಟರ್ ಹೆಚ್ಚುಕಡಿಮೆ,
ತಮ್ಮ ವಿಶ್ವಾಸಿ,
ಭೂಮಾಪಕಿ

ತಾ.ಕ.: ಕಚೇರಿಯ ಸ್ವತ್ತಿನ ಮೇಲಿದ್ದ ಚೀಟಿಯನ್ನು ಅನುಮತಿಯಿಲ್ಲದೆ ಕಿತ್ತದ್ದಕ್ಕೆ ವಿವರಣೆ ಕೇಳಿ ಇಂದು ಬೆಳಿಗ್ಗೆ ನನಗೆ ನೋಟೀಸು ಬಂದಿದೆ. ಒಬ್ಬಳ ಕೋಣೆ ಕೆಡವಿಸಲು ಹೊರಟದ್ದಕ್ಕೆ ಇನ್ನೂ ಬಂದಿಲ್ಲ.