ಮುಚ್ಚಳವಿಲ್ಲದ ಕಂಪ್ಯೂಟರು

ನನ್ನ ಹೆಂಡತಿಯ ತಮ್ಮನಿಗೆ ದೇವರು ಪ್ರತ್ಯಕ್ಷನಾದರೆ ಅವನು ವರ ಕೇಳುವುದಿಲ್ಲ. ದೇವರ ಬೆನ್ನಿನ ಸ್ಕ್ರೂ ಎಲ್ಲಿದೆ ಎಂದು ಹುಡುಕುತ್ತಾನೆ! ಸಿದ್ಧವಾಗಿ ಸಿಗುವುದನ್ನು ಕೊಳ್ಳುವುದು ಅವನ ಪ್ರಕಾರ ಸೋಮಾರಿತನ. ನನಗೋ ಎಲ್ಲವೂ ಹೊತ್ತಿಗೆ ಸರಿಯಾಗಿ, ಇಟ್ಟ ಜಾಗದಲ್ಲೇ ಇರಬೇಕು. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿಗೂ ಮುಚ್ಚಳವುಂಟು.

ಆರ್.ಟಿ. ನಗರದ ಅಂಗಡಿಯಿಂದ ಸಿದ್ಧ ಕಂಪ್ಯೂಟರು ತರೋಣವೆಂದು ನಾನು ಅಂಗಿ ಇಸ್ತ್ರಿ ಮಾಡಿಕೊಳ್ಳುವಷ್ಟರಲ್ಲಿ ಅವನು ವಿದ್ಯಾರಣ್ಯಪುರದಿಂದ ಬಿಡಿಭಾಗಗಳ ಚೀಲ ಹೊತ್ತು ಬಂದೇಬಿಟ್ಟ. ಊಟದ ಮೇಜಿನ ಮೇಲೆ ಜೋಡಿಸಲು ಕೂತ. ಅಂದು ನಾವು ನೆಲದ ಮೇಲೆ ಉಂಡೆವು. ಯಂತ್ರವೇನೋ ಓಡಿತು. ಆದರೆ ಅದರ ಪಕ್ಕದ ತಗಡಿನ ಬಾಗಿಲು ಹಾಕಲು ಅವನು ಒಪ್ಪಲಿಲ್ಲ.

"ಮುಚ್ಚಿದ್ರೆ ಬಿಸಿ ಆಗತ್ತೆ ಭಾವ."

"ನಿನ್ನ ಹೊಟ್ಟೇನೂ ಬಿಸಿ ಆಗತ್ತೆ. ತೆರೆದಿಟ್ಕೊಂಡು ಓಡಾಡ್ತೀಯೇನಯ್ಯಾ?"

ಬಾಗಿಲು ಮಂಚದ ಕೆಳಗೆ ಸೇರಿತು. ಟೇಬಲ್ ಫ್ಯಾನು ಯಂತ್ರದ ಮುಂದೆ ಬಂತು. ನನಗೆ ಸೆಖೆ, ಕಂಪ್ಯೂಟರಿಗೆ ತಂಗಾಳಿ!

ಬಾಗಲೂರಿನಿಂದ ಬಂದಿದ್ದ ತನ್ನ ತಾಯಿ ಹಾಡಿದ ಮದುವೆಯ ಹಸೆ ಹಾಡುಗಳನ್ನು ಅವನು ಅದರಲ್ಲೇ ಧ್ವನಿಮುದ್ರಿಸಿಕೊಂಡ. ಮರುವರ್ಷ ಅತ್ತೆ ತೀರಿಕೊಂಡರು. ಅವರ ಧ್ವನಿ ಉಳಿದದ್ದು ಆ ಪೆಟ್ಟಿಗೆಯಲ್ಲಿ ಮಾತ್ರ.

ಈ ಸಲದ ಆಯುಧಪೂಜೆಗೆ ನನ್ನ ಹೆಂಡತಿ ಸ್ಕೂಟರಿಗೂ ಮಿಕ್ಸಿಗೂ ಅರಿಶಿನ ಕುಂಕುಮ ಹಚ್ಚಿದಳು. ಕಂಪ್ಯೂಟರಿಗೆ ಎಲ್ಲಿ ಹಚ್ಚುವುದು? ಬಾಗಿಲೇ ಇಲ್ಲವಲ್ಲ! ಒಳಗಿನ ಹಸಿರು ಸರ್ಕ್ಯೂಟ್ ಹಲಗೆಗೇ ಭಕ್ತಿಯಿಂದ ಹಚ್ಚಿ, ಮೇಲೆ ತೀರ್ಥವನ್ನೂ ಚಿಮುಕಿಸಿದಳು. ನಾನು ಸ್ವಿಚ್ ಒತ್ತಿದೆ. ಚಟ್ ಎಂದಿತು, ಅಷ್ಟೆ.

ಅಂಗಡಿಯವನು ನೋಡಿ, ಇದನ್ನು ಗುಜರಿಗೆ ಹಾಕಿ ಹೊಸದು ತೆಗೆದುಕೊಳ್ಳಿ ಎಂದ. ಹೆಂಡತಿ ಸೆರಗಿನಿಂದ ಹಲಗೆ ಒರೆಸುತ್ತಾ, "ಅಮ್ಮನ ದನೀನ ನಾನೇ ಕಳೆದ್ಬಿಟ್ಟೆ ಕಣ್ರೀ" ಎಂದಳು. ನನ್ನ ಮುಚ್ಚಳದ ಉಪದೇಶವನ್ನು ನಾನು ನುಂಗಿಕೊಂಡೆ.

ಅವಳ ತಮ್ಮ ಬಂದ. ತನ್ನ ಮನೆಯ ಯಂತ್ರವನ್ನು ಬಿಚ್ಚಿ ಅದರ ಹಲಗೆಯನ್ನೇ ತಂದಿದ್ದ. ಸುಟ್ಟದ್ದನ್ನು ತೆಗೆದು, ಅದನ್ನು ಕೂರಿಸಿ, ಹಾಡುಗಳಿದ್ದ ಹಳೆಯ ಡಿಸ್ಕಿನ ತಂತಿ ಸಿಕ್ಕಿಸಿದ.

"ಡಿಸ್ಕಿಗೇನೂ ಆಗಿಲ್ಲ ಅಕ್ಕ. ಕೇಳು."

ಹೋದ ಜೀವ ಬಂದಂತಾಯಿತು. ಅತ್ತೆ ಹಾಡುತ್ತಿದ್ದರು. ನಡುವೆ ಕೆಮ್ಮಿದರು, ಹಾಡು ನಿಲ್ಲಿಸಿ ಗದರಿದರು: "ಲೇ ಮಗ, ಆ ಡಬ್ಬ ಮುಚ್ಚೋ. ಇಂಗೆ ತೆಗ್ದಿಟ್ರೆ ದೂಳು ಬೀಳಲ್ವಾ?"

ನಾವು ಗಂಡಹೆಂಡತಿ ನಕ್ಕೆವು. ಅವನು ನಗಲಿಲ್ಲ. ಮಂಚದ ಕೆಳಗಿನಿಂದ ಆ ತಗಡಿನ ಬಾಗಿಲನ್ನು ಎಳೆದು, ತೋಳಿನಿಂದ ಧೂಳು ಒರೆಸಿ, ಸ್ಕ್ರೂ ಬಿಗಿಯತೊಡಗಿದ.

"ಆಯ್ತಮ್ಮ" ಎಂದ, ಮೆಲ್ಲಗೆ.

ನಾನು ಟೇಬಲ್ ಫ್ಯಾನನ್ನು ಅವನ ಕಡೆಗೆ ತಿರುಗಿಸಿದೆ.