ಕ್ಯಾಪ್ಟನ್ ಸಾಹೇಬನ ಮನೆಯಾಕೆ

ನಮ್ಮ ಸೇಡಂ ಕಡೆ ಇಂಗ್ಲಿಷ್ ಕಲಿಸಿದ ಮಾಸ್ತರನಿಗೆ ಸರಕಾರ ನಿವೃತ್ತಿ ಕೊಟ್ಟರೂ ಜನ ಕೊಡುವುದಿಲ್ಲ. ಔಷಧದ ಬಾಟಲಿ ಓದಿಸುವವರು, ಮೊಬೈಲಿಗೆ ಬಂದ ಮೆಸೇಜು ಓದಿಸುವವರು, ಎಲ್ಲರಿಗೂ ನಮ್ಮ ಮನೆಯ ಕಟ್ಟೆಯೇ ಆಫೀಸು. ಕಳೆದ ಚಳಿಗಾಲದಲ್ಲಿ ಇಂಗ್ಲೆಂಡಿನ ಒಬ್ಬ ಮುದುಕಿ ವಾಡಿ ಸ್ಟೇಷನ್ನಿನಲ್ಲಿ ಇಳಿದಾಗ, ಬಾಡಿಗೆ ಜೀಪಿನವನು ಆಕೆಯ ಮಾತು ಪೂರ್ತಿ ಕೇಳಿಸಿಕೊಳ್ಳುವ ಗೋಜಿಗೂ ಹೋಗದೆ ನೇರ ನನ್ನ ಮುಂದೆ ತಂದು ಇಳಿಸಿದ.

ಆಕೆ ನಿವೃತ್ತ ನರ್ಸು. ಮಂಡಿನೋವು, ಕೈಯಲ್ಲಿ ಕೋಲು. ಆಕೆಯ ಅಜ್ಜಿಯ ಅಪ್ಪ ನಿಜಾಮರ ಕಾಲದಲ್ಲಿ ಈ ಸೀಮೆಯಲ್ಲಿದ್ದ ಬ್ರಿಟಿಷ್ ಸೈನ್ಯದ ಕ್ಯಾಪ್ಟನ್. ಇಲ್ಲಿಯ ಹೆಣ್ಣುಮಗಳೊಬ್ಬಳ ಜೊತೆ ಸಂಸಾರ ಮಾಡಿದ. ಹೆಣ್ಣು ಕೂಸೊಂದು ಹುಟ್ಟಿತು. ತಾನು ಊರಿಗೆ ಹೊರಟಾಗ ಕೂಸನ್ನು ಹಡಗು ಹತ್ತಿಸಿಕೊಂಡು, ತಾಯಿಯನ್ನು ಇಲ್ಲೇ ಬಿಟ್ಟು ಹೋದ. ಕ್ಯಾಪ್ಟನ್ನನ ಹೆಸರು, ಅವನ ಪದವಿ, ಕೊನೆಗೆ ಅವನ ಕುದುರೆಯ ಹೆಸರು ಕೂಡ ಆಕೆಯ ಮನೆತನದಲ್ಲಿ ಎಲ್ಲರಿಗೂ ಗೊತ್ತು. ಆ ತಾಯಿಯ ಹೆಸರು ಮಾತ್ರ ಒಬ್ಬರಿಗೂ ಗೊತ್ತಿಲ್ಲ.

ಆಕೆಯ ಅಜ್ಜಿ ಸಾಯುವ ತನಕ, ನಮ್ಮವ್ವನ ಹೆಸರೇನು ಎಂದು ಕಂಡವರನ್ನೆಲ್ಲ ಕೇಳುತ್ತಿದ್ದಳಂತೆ. ಒಂದು ಹೆಸರು ಸಿಕ್ಕರೆ ಸಾಕು, ಹೋಗಿ ಅಜ್ಜಿಯ ಗೋರಿಯ ಮುಂದೆ ನಿಂತು ಹೇಳಿಬಿಡುತ್ತೇನೆ ಎಂದಳು. ಒಂದು ವಾರ ನಾನು, ಆಕೆ, ಆ ಜೀಪಿನವನು, ಮೂವರೂ ತಿರುಗಿದೆವು.

ರಾವೂರ

ಮೊದಲು ಹೋದದ್ದು ವಾಡಿ ಪಕ್ಕದ ರಾವೂರಿಗೆ. ದಂಡಿನವರು ಅಲ್ಲಿ ಡೇರೆ ಹಾಕುತ್ತಿದ್ದರು ಎಂದು ಯಾರೋ ಹೇಳಿದ್ದರು. ಆಕೆ ಹಳೆಯ ನಕಾಶೆ ಬಿಚ್ಚಿ, ಕೋಲಿನಿಂದ ನೆಲ ತಟ್ಟಿದಳು. ಅಷ್ಟೇ. ರಾವೂರಿನಲ್ಲಿ ಬೇರೆ ಊರಿನವರು ನೆಲ ತಟ್ಟಿದರೆ ಅದಕ್ಕೆ ಒಂದೇ ಅರ್ಥ, ಸಿಮೆಂಟ್ ಕಂಪನಿಯ ಸರ್ವೆ.

ನೋಡನೋಡುತ್ತಿದ್ದಂತೆ ಹೊಲದವರೆಲ್ಲ ಬಂದರು. ತಮ್ಮ ಹೊಲದ ಕಲ್ಲು ಹೇಗೆ ಹಾಲಿನಂತೆ ಬಿಳುಪು, ಪಕ್ಕದವನದು ಹೇಗೆ ಬರೀ ಮಣ್ಣು ಎಂದು ವಿವರಿಸತೊಡಗಿದರು. ಒಬ್ಬ ವಯಸ್ಸಾದ ಮುತ್ಯಾ ಟವೆಲ್ಲಿನಲ್ಲಿ ಸುತ್ತಿ ತಂದ ದೊಡ್ಡ ಕಲ್ಲನ್ನು ಆಕೆಯ ತೊಡೆಯ ಮೇಲೇ ಇಟ್ಟ. ಆಕೆ ತನ್ನ ಮುತ್ತಜ್ಜಿಯನ್ನು ಹುಡುಕುತ್ತ ಬಂದವಳು ಎಂದು ನಾನು ಬಿಡಿಸಿ ಹೇಳಿದೆ. ಮುತ್ಯಾ ಬಹಳ ಹೊತ್ತು ಮರುಗಿದ, ಪಾಪ ಎಂದ, ಕಣ್ಣೊರೆಸಿಕೊಂಡ.

"ಮುತ್ತಜ್ಜಿ ಸಿಗ್ತಾಳ್ರಿ, ಬಿಡ್ರಿ. ಹೋಗೂಮುಂದ ನಮ್ಮ ಕಲ್ಲು ಕಂಪನಿಯವರಿಗೆ ಕೊಟ್ಟು ಹೋಗ್ಲಿಕ್ಕ ಹೇಳ್ರಿ" ಎಂದ.

ಚಿತ್ತಾಪುರ

ಆಕೆಯ ಹತ್ತಿರ ಒಂದೇ ಒಂದು ಫೋಟೋ ಇತ್ತು. ಕುರ್ಚಿಯ ಮೇಲೆ ಮೀಸೆ ತಿರುವಿದ ಕ್ಯಾಪ್ಟನ್, ತೊಡೆಯ ಮೇಲೆ ಕೂಸು, ಕೂಸಿನ ಬೆನ್ನಿಗೆ ಆತುಕೊಂಡ ಬಳೆ ತೊಟ್ಟ ಒಂದು ಕೈ. ಕೈಯ ಆಚೆಗಿನದನ್ನು ಯಾರೋ ಕತ್ತರಿಯಿಂದ ಕತ್ತರಿಸಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಆ ಕತ್ತರಿ ಹಿಡಿದವರ ಮೇಲೆ ಸಿಟ್ಟು ಬರುತ್ತಿತ್ತು.

ಚಿತ್ತಾಪುರದ ಚಹಾದ ಹೋಟೆಲಿನಲ್ಲಿ ಫೋಟೋ ಕೈಯಿಂದ ಕೈಗೆ ತಿರುಗಿತು. ಒಬ್ಬ ಹಿರಿಯ ಮಾತ್ರ ಅದನ್ನು ಕೆಳಗಿಡಲೊಲ್ಲ. ಇವನನ್ನು ನೋಡಿದಂತಿದೆ ಎಂದ. ಆಕೆ ಕುರ್ಚಿಯಿಂದ ಎದ್ದೇಬಿಟ್ಟಳು. ಎಲ್ಲಿ, ಯಾವಾಗ ಎಂದು ನಾನು ಕೇಳಿದೆ. ಇವನ ಮುಖ ಥೇಟ್ ತನ್ನ ಅಳಿಯನದೇ, ಅವನೂ ಮಗಳನ್ನು ಬಿಟ್ಟು ಓಡಿಹೋದ ಎಂದ. ಮೀಸೆ ಇರುವವರೆಲ್ಲ ಹಾಗೇ ಕಾಣುತ್ತಾರೆ ಎಂದೆ.

"ಮೀಸಿ ಅಲ್ರಿ ಸರ್, ಮಾರಿ. ಬಿಟ್ಟು ಹೋಗೋರ ಮಾರಿ ಎಲ್ಲಾ ದೇಶದಾಗೂ ಹಿಂಗೇ ಇರ್ತದ."

ಅನುವಾದ ಮಾಡಿ ಹೇಳಿದೆ. ಆಕೆ ನಗುತ್ತ ಅವನ ಚಹಾದ ದುಡ್ಡೂ ತಾನೇ ಕೊಟ್ಟಳು.

ಕುಂಚಾವರಂ

ಕ್ಯಾಪ್ಟನ್ ಚಿಂಚೋಳಿ ಕಾಡಿಗೆ ಬೇಟೆಗೆ ಹೋಗುತ್ತಿದ್ದನಂತೆ. ಅದಕ್ಕೆ ಕುಂಚಾವರಂ ಕಡೆ ಹೋದೆವು. ಅಲ್ಲಿಯ ಒಬ್ಬ ಹಣ್ಣು ಹಣ್ಣು ಮುದುಕಿಗೆ ಹಳೆಯದೆಲ್ಲ ಗೊತ್ತು ಎಂದರು. ಆ ಮುದುಕಿಗೆ ತೆಲುಗು ಬಿಟ್ಟು ಬೇರೆ ಬಾರದು, ನನಗೆ ತೆಲುಗು ಬಾರದು. ಹಾಗಾಗಿ ನರ್ಸಮ್ಮನ ಇಂಗ್ಲಿಷನ್ನು ನಾನು ಕನ್ನಡ ಮಾಡಬೇಕು, ನನ್ನ ಕನ್ನಡವನ್ನು ಜೀಪಿನವನು ತೆಲುಗು ಮಾಡಬೇಕು.

ಸಾಹೇಬನ ಮನೆಯಾಕೆಯ ಸುದ್ದಿ ಏನಾದರೂ ಗೊತ್ತೇ ಎಂಬುದು ಪ್ರಶ್ನೆ. ಮುದುಕಿ ಕೈ ಬೀಸಿ ಬೀಸಿ ಬಹಳ ಹೊತ್ತು ಮಾತಾಡಿದಳು. ನಡುವೆ ಸೆರಗಿನಿಂದ ಮೂಗೊರೆಸಿಕೊಂಡಳು. ನಾವು ಉಸಿರು ಹಿಡಿದು ಕೂತೆವು. ಎಲ್ಲ ಮುಗಿದ ಮೇಲೆ ಜೀಪಿನವನು, ಏನೂ ಗೊತ್ತಿಲ್ಲಂತ್ರಿ, ಎಂದ. ಇಷ್ಟೊತ್ತು ಮತ್ತೇನು ಹೇಳಿದಳು ಎಂದು ನಾನು ಗದರಿಸಿದೆ.

"ಮಗಳ್ನ ಕಳಕೊಂಡ ತಾಯಿ ಸಾಯೋತನಕ ದಾರಿ ನೋಡಿರ್ತಾಳ, ಇಷ್ಟು ತಡಾ ಯಾಕ ಮಾಡಿ ಬಂದ್ರಿ ಅಂತ ಬೈಲಿಕತ್ತಾಳ್ರಿ. ಅದನ್ನ ಇಂಗ್ಲಿಷಿನಾಗ ಹೇಳಬ್ಯಾಡ್ರಿ."

ನಾನು ಹೇಳಿಬಿಟ್ಟೆ. ಕೇಳುವ ಹಕ್ಕು ಇದ್ದವಳು ಆಕೆಯೊಬ್ಬಳೇ. ನರ್ಸಮ್ಮ ಎದ್ದು ಹೋಗಿ ಆ ಮುದುಕಿಯ ಎರಡೂ ಕೈ ಹಿಡಿದು ಕ್ಷಮೆ ಕೇಳಿದಳು. ಇಬ್ಬರೂ ಸೇರಿ ಅತ್ತರು, ಅದಕ್ಕೆ ಅನುವಾದ ಬೇಕಾಗಲಿಲ್ಲ. ಆಮೇಲೆ ಮುದುಕಿ ಒಳಗಿನಿಂದ ಜೋಳದ ರೊಟ್ಟಿ, ಖಾರ ತಂದಿಟ್ಟು ಇನ್ನೊಂದು ಮಾತು ಹೇಳಿದಳು. ಅದೇನು ಎಂದೆ.

"ಉಂಡ್ಕೋಬೇಕಂತ್ರಿ. ಬೈಯೋದು ಇನ್ನೂ ಮುಗಿದಿಲ್ಲಂತ" ಎಂದ ಜೀಪಿನವನು.

ಸೇಡಂ

ಎಲ್ಲ ಕಡೆ ಬರಿಗೈ. ಆಕೆಯ ಮುಖ ಬಾಡಿದ್ದು ನೋಡಲಾರದೆ ನನ್ನ ಹೆಂಡತಿ ಆಕೆಯನ್ನು ಬಳೆಯಂಗಡಿಗೆ ಕರೆದುಕೊಂಡು ಹೋದಳು. ನಾನೂ ಹಿಂದಿನಿಂದ ಹೋದೆ. ಬಳೆಗಾರ ಫೋಟೋದ ಕ್ಯಾಪ್ಟನ್ನನನ್ನು ಕಣ್ಣೆತ್ತಿಯೂ ನೋಡಲಿಲ್ಲ. ಕೈಯನ್ನು ಮಾತ್ರ ನೋಡಿ, ಹಸಿರು ಬಳೆ, ನಮ್ಮ ಮುತ್ಯಾನ ಕಾಲದ ಮಾಲು ಎಂದ. ಕಪ್ಪು ಬಿಳುಪು ಫೋಟೋದಲ್ಲಿ ಹಸಿರು ಎಲ್ಲಿಂದ ಬಂತಪ್ಪ ಎಂದೆ. ಹಡೆದವಳ ಕೈಗೆ ಹಸಿರಲ್ಲದೆ ಬೇರೆ ಹಾಕುತ್ತಾರೇನು ಎಂದು ನನ್ನನ್ನೇ ಕೇಳಿದ.

ಮುತ್ಯಾನ ಕಾಲದ್ದು ಎಂದದ್ದು ವ್ಯಾಪಾರದ ಮಾತು. ಹಸಿರಿನ ಮಾತು ನಿಜವಿರಬಹುದು. ನರ್ಸಮ್ಮ ಮಾತ್ರ, ಹಸಿರು, ಹಸಿರು ಎಂದು ಎರಡು ಸಲ ಅಂದುಕೊಂಡು ಕೈ ಚಾಚಿದಳು. ಆ ತಾಯಿಯ ಬಗ್ಗೆ ಆಕೆಗೆ ದಕ್ಕಿದ ಮೊದಲ ಸಂಗತಿ ಅದು. ತೊಡಿಸುವ ಮೊದಲು ಬಳೆಗಾರ, ಮನೆಯವರು ಇದ್ದಾರೇನು ಎಂದು ಪದ್ಧತಿಯಂತೆ ಕೇಳಿದ. ಇಬ್ಬರು ಗಂಡಂದಿರಿದ್ದರು, ಇಬ್ಬರನ್ನೂ ಬಿಟ್ಟೆ, ಇಬ್ಬರೂ ಇನ್ನೂ ಗಟ್ಟಿಮುಟ್ಟಾಗಿದ್ದಾರೆ ಎಂದಳು. ನಾನು ಅಳುಕುತ್ತ ಕನ್ನಡ ಮಾಡಿದೆ. ಬಳೆಗಾರ ಸ್ವಲ್ಪ ಹೊತ್ತು ಲೆಕ್ಕ ಹಾಕಿದ.

"ಇಬ್ರೂ ಅದಾರಂದ್ರ ಕೈಗೆ ಎರಡೆರಡು ಡಜನ್ ಹಾಕ್ಬೇಕಾಗ್ತದ್ರಿ."

ಶಹಾಬಾದ್

ಹೊರಡುವ ಹಿಂದಿನ ದಿನ ನನ್ನ ಹಳೆಯ ವಿದ್ಯಾರ್ಥಿಯ ಫೋನು ಬಂತು. ಶಹಾಬಾದಿನಲ್ಲಿ ಅಪ್ಪನ ಜೊತೆ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಕಾರಖಾನೆ ನಡೆಸುವವನು. ಕ್ಯಾಪ್ಟನ್ನನ ಹೆಸರು ಎಲ್ಲಿಯಾದರೂ ಕಂಡರೆ ಹೇಳು ಎಂದು ಮೊದಲೇ ತಿಳಿಸಿದ್ದೆ. ಒಂದು ಹಳೆಯ ಮನೆ ಕೆಡವುವಾಗ ಬಚ್ಚಲಿನ ಹಾಸುಗಲ್ಲು ಎಬ್ಬಿಸಿದರೆ, ಕೆಳಗಿನ ಮಗ್ಗುಲಿಗೆ ಇಂಗ್ಲಿಷ್ ಅಕ್ಷರವಂತೆ. ಯಾರೋ ಗೋರಿಯಿಂದ ಕಿತ್ತು ತಂದ ಕಲ್ಲಿರಬೇಕು. ಕೆಳಗಿನ ಸಾಲು, ಕ್ಯಾಪ್ಟನ್ ಇಂಥವರ ಮನೆಯಾಕೆ. ಮೇಲಿನ ಸಾಲು ಆಕೆಯ ಹೆಸರೇ ಇರಬೇಕು.

"ಅಕ್ಷರದಾಗ ಸುಣ್ಣ, ಹೊಲಸು ತುಂಬ್ಯಾದ ಸರ್. ಹೆಸರು ಓದ್ಲಿಕ್ಕ ಬರ್ತಾ ಇಲ್ಲ. ತೊಳಿಸಿ ಇಡ್ತೀನಿ, ನಾಳಿಗಿ ಬರ್ರಿ."

ಆ ರಾತ್ರಿ ಆಕೆ ಉಣ್ಣಲಿಲ್ಲ. ಬೆಳಗ್ಗೆ ನಾವು ಹೋದಾಗ ಅವನ ಅಪ್ಪ, ಜೀವಮಾನವೆಲ್ಲ ಪಾಲಿಶ್ ಹಿಡಿದ ಹಿರಿಯ, ಹೊಸ ಧೋತರ ಉಟ್ಟು ಬಾಗಿಲಲ್ಲೇ ನಿಂತಿದ್ದ. ಅಂಗಳದ ನಡುವೆ ಕಲ್ಲನ್ನು ನಿಲ್ಲಿಸಿ, ಹೂವಿನ ಹಾರ ಹಾಕಿದ್ದ. ಕಲ್ಲು ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ಅಕ್ಷರವೂ ಇರಲಿಲ್ಲ.

"ತೊಳದು ನೋಡಿದೆನ್ರಿ, ಗೀರು ಹೋಗ್ಲಿಲ್ಲ. ಹಿರ್ಯಾರ ಕಲ್ಲು ನೋಡ್ಲಿಕ್ಕ ಅಷ್ಟು ದೂರದಿಂದ ಬರೋ ಹೆಣ್ಮಗಳಿಗೆ ಬಚ್ಚಲ ಕಲ್ಲು ಹ್ಯಾಂಗ ತೋರಿಸ್ಲಿ? ಮಷೀನಿಗಿ ಹಚ್ಚಿದೆ. ನೋಡ್ರಿ, ಮಾರಿ ಕಾಣ್ತದ."

ಮಗ ಹಣೆ ಹಣೆ ಚಚ್ಚಿಕೊಂಡ. ಅದು ಗೀರಲ್ಲಪ್ಪ, ಹೆಸರು ಎಂದ. ಹಿರಿಯನ ಮುಖ ಸಣ್ಣದಾಯಿತು. ಕಲ್ಲನ್ನೂ ನಮ್ಮನ್ನೂ ನೋಡುತ್ತ ನಿಂತುಬಿಟ್ಟ. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಆಕೆಗೆ ಏನು ಹೇಳಲಿ ಎಂದು ಇಂಗ್ಲಿಷ್ ಹುಡುಕುತ್ತಿದ್ದೆ. ಹೇಳುವ ಅಗತ್ಯವಿರಲಿಲ್ಲ. ಆಕೆ ಹೋಗಿ ಹಸಿರು ಬಳೆಯ ಕೈಯನ್ನು ಕಲ್ಲಿನ ಮೇಲಿಟ್ಟಳು. ಮೇಲಿನಿಂದ ಕೆಳಗಿನವರೆಗೆ ನಿಧಾನ ಸವರಿದಳು, ಎಲ್ಲಾದರೂ ಒಂದು ಅಕ್ಷರದ ತಗ್ಗು ಉಳಿದಿದೆಯೇ ಎಂದು. ಉಳಿದಿರಲಿಲ್ಲ. ಆಮೇಲೆ ಹಿರಿಯನ ಕಡೆ ತಿರುಗಿ, ವಾರದಲ್ಲಿ ಕಲಿತ ಕನ್ನಡದಲ್ಲಿ ಹೇಳಿದಳು.

"ಭಾಳ ಚಂದ ಅದ."

ಹಿರಿಯನಿಗೆ ಹೋದ ಜೀವ ಬಂತು. ಓಡಿಹೋಗಿ ಉಳಿ, ಸುತ್ತಿಗೆ ತಂದು ಕಲ್ಲಿನ ಮುಂದೆ ಕೂತ. ಹೋದದ್ದು ಹೋಯಿತು, ಮೊದಲಿಗಿಂತ ಚಂದ ಕೊರೆದುಕೊಡುತ್ತೇನೆ ಎಂದ.

"ಹೇಳ್ರಿ, ಏನು ಹೆಸರು?"

ನಾನು ಅದನ್ನೂ ಅನುವಾದ ಮಾಡಿದೆ. ಆಕೆ ನನ್ನ ಮುಖ ನೋಡಿದಳು, ನಾನು ಆಕೆಯ ಮುಖ ನೋಡಿದೆ. ಇಬ್ಬರಿಗೂ ಒಟ್ಟಿಗೇ ನಗು ಬಂತು. ತಡೆಯಲಾಗದ ನಗು. ನಗುತ್ತ ನಗುತ್ತ ಆಕೆಯ ಕಣ್ಣಿಂದ ನೀರು ಸುರಿಯಿತು. ಕಲ್ಲಿನ ಧೂಳು ಬಿತ್ತೇನೋ ಎಂದು ಹಿರಿಯ ನೀರು ತರಿಸಿಕೊಟ್ಟ.

ಸಮಾಧಾನ ಮಾಡಿಕೊಂಡ ಮೇಲೆ, ನಿಮ್ಮಲ್ಲಿ ಅಜ್ಜಿಯನ್ನು, ಮುತ್ತಜ್ಜಿಯನ್ನು ಏನೆಂದು ಕರೆಯುತ್ತೀರಿ ಎಂದು ಆಕೆ ಕೇಳಿದಳು. ನಮಗೆ ಎಲ್ಲರೂ ಆಯಿಯೇ ಎಂದೆ. ಅದನ್ನೇ ಕೊರೆಯಲಿ ಎಂದಳು. ಕೆಳಗೆ ಸಾಹೇಬನ ಹೆಸರು ಬೇಡವೇ ಎಂದು ಹಿರಿಯ ನನ್ನ ಮೂಲಕ ಕೇಳಿಸಿದ. ಬೇಡ, ಅವನ ಹೆಸರು ನಮ್ಮೂರಲ್ಲಿ ಬೇಕಾದಷ್ಟು ಕಡೆ ಇದೆ ಎಂದಳು.

ಹಿರಿಯ ಉಸಿರು ಬಿಗಿಹಿಡಿದು, ದುಂಡಗೆ 'ಆಯಿ' ಎಂದು ಕೊರೆದ. ಧೂಳು ಊದಿ, ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದ. ಯಾಕೋ ಅವನಿಗೆ ಸಮಾಧಾನವಾಗಲಿಲ್ಲ.

"ಎರಡೇ ಅಕ್ಷರೇನ್ರಿ ಸರ್? ಅಷ್ಟು ದೂರದಿಂದ ಬಂದಾರ. ಕಲ್ಲು ಭಾಳ ಖಾಲಿ ಉಳೀತಲ್ರಿ."